ಬೋರ್ಡು ಬದಲಾಯಿತು, ನಾಲಿಗೆ ಬದಲಾಗಲಿಲ್ಲ: ಬೆಂಗಳೂರಿನ ಮಾನಸಿಕ ಆರೋಗ್ಯ ಸೇವೆಯ ಇತಿಹಾಸ



ನಾನು ವಾಸವಿರುವ ಶ್ರೀನಗರದಿಂದ ನಿಮ್ಹಾನ್ಸ್ ಆಸ್ಪತ್ರೆ ಹೆಚ್ಚು ದೂರವೇನಲ್ಲ. ಹನುಮಂತನಗರ, ಗಾಂಧಿಬಜಾರ್ ದಾಟಿ, ಲಾಲ್‌ಬಾಗನ್ನು ಬಳಸಿಕೊಂಡು ಹೊಸೂರು ರಸ್ತೆ ಸೇರಿದರೆ ಅದರ ಕಾಂಪೌಂಡು ಸಿಗುತ್ತದೆ. ಆಟೋದಲ್ಲಿ ಹೋದರೆ ಒಂದು ಗಂಟೆಯೂ ಬೇಡ. ಆದರೆ ನಮ್ಮ ಬೀದಿಯ ಒಂದು ಕುಟುಂಬಕ್ಕೆ ಈ ದಾರಿಯನ್ನು ಕ್ರಮಿಸಲು ಎರಡು ವರ್ಷ ಹಿಡಿಯಿತು.

ಆ ಮನೆಯ ಹುಡುಗಿ ನನ್ನ ವಿದ್ಯಾರ್ಥಿನಿ, ಒಂಬತ್ತನೆಯ ತರಗತಿ. ಆಕೆ ಪದೇ ಪದೇ ಗೈರುಹಾಜರಾಗುತ್ತಿದ್ದಳು. ಕಾರಣ ಕೇಳಿದರೆ ಜ್ವರ ಎನ್ನುತ್ತಿದ್ದಳು. ನಿಜವಾದ ಕಾರಣ ಅವಳ ಅಣ್ಣ. ಅವನು ರಾತ್ರಿಯಿಡೀ ನಿದ್ದೆಯಿಲ್ಲದೆ ತನ್ನಷ್ಟಕ್ಕೆ ಮಾತಾಡುತ್ತಿದ್ದ, ಅಕ್ಕಪಕ್ಕದವರೆಲ್ಲ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂದು ಹೆದರುತ್ತಿದ್ದ. ತಾಯಿ ಕೂಲಿಗೆ ಹೋದಾಗ ಅವನನ್ನು ನೋಡಿಕೊಳ್ಳಲು ಮನೆಯಲ್ಲಿ ಈ ಹುಡುಗಿಯಲ್ಲದೆ ಬೇರೆ ಯಾರೂ ಇರಲಿಲ್ಲ. ಇದ್ಯಾವುದೂ ನನಗೆ ತಿಳಿದಿರಲಿಲ್ಲ. ಅದೇ ದಿನಗಳಲ್ಲಿ ತರಗತಿಯಲ್ಲಿ ಗಲಾಟೆ ಮಾಡಿದ ಒಬ್ಬ ಹುಡುಗನಿಗೆ ನಾನು, "ನಿನ್ನನ್ನು ಪಾಗಲ್‌ಖಾನೆಗೆ ಕಳಿಸಬೇಕೇನೋ?" ಎಂದು ಬೈದಿದ್ದೆ. ಮಕ್ಕಳೆಲ್ಲ ನಕ್ಕರು. ಆ ಹುಡುಗಿಯೂ ಅಲ್ಲೇ ಕುಳಿತಿದ್ದಳು.

ಆ ತಾಯಿ ಮೊದಲು ಬಾಯಿಬಿಟ್ಟದ್ದು ಶಿಕ್ಷಕರ ಮುಂದೆ ಅಲ್ಲ, ಬಂಧುಗಳ ಮುಂದೆಯೂ ಅಲ್ಲ. ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಹೋದಾಗ ರಕ್ತದೊತ್ತಡ ನೋಡುತ್ತಿದ್ದ ನರ್ಸ್ ಒಬ್ಬರು, "ರಾತ್ರಿ ನಿದ್ದೆ ಬರುತ್ತದಾ ಅಮ್ಮ?" ಎಂದು ಕೇಳಿದರಂತೆ. ಆ ಒಂದು ಪ್ರಶ್ನೆಗೆ ಎರಡು ವರ್ಷದ ದುಃಖವೆಲ್ಲ ಹೊರಬಂತು. ಇಂದು ಆ ಯುವಕ ಮಾತ್ರೆ ತೆಗೆದುಕೊಳ್ಳುತ್ತಾ ಒಂದು ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಾನೆ. ಅವನ ತಂಗಿ ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ.

ಒಬ್ಬ ನರ್ಸಿನ ಪ್ರಶ್ನೆಗೆ ಇಷ್ಟು ಶಕ್ತಿ ಎಲ್ಲಿಂದ ಬಂತು ಎಂದು ಹುಡುಕಹೊರಟಾಗ ನನಗೆ ಸಿಕ್ಕಿದ್ದು ನಮ್ಮ ಊರಿನದೇ ಒಂದು ಇತಿಹಾಸ. ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಗೋಡೆಗಳ ಕಾಲ

ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗಾಗಿ 1847ರಲ್ಲಿ ಒಂದು ಆಶ್ರಯಾಲಯ ಆರಂಭವಾಯಿತು. ಇಂಗ್ಲಿಷಿನಲ್ಲಿ ಅದರ ಹೆಸರು ಲುನಾಟಿಕ್ ಅಸೈಲಂ. ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯಾಯಿತು, ಉರ್ದು ಮಾತಾಡುವವರಿಗೆ ಪಾಗಲ್‌ಖಾನಾ ಆಯಿತು. ರೋಗಿಯನ್ನು ಗುಣಪಡಿಸುವುದಕ್ಕಿಂತ ಸಮಾಜದಿಂದ ದೂರ ಇಡುವುದೇ ಆ ಕಾಲದ ಇಂತಹ ಸಂಸ್ಥೆಗಳ ಮುಖ್ಯ ಕೆಲಸವಾಗಿತ್ತು.

1925ರಲ್ಲಿ ಮೈಸೂರು ಸಂಸ್ಥಾನ ಈ ಹೆಸರನ್ನು ತೆಗೆದು 'ಮೆಂಟಲ್ ಹಾಸ್ಪಿಟಲ್' ಎಂದು ಹೆಸರಿಟ್ಟಿತು. ಅಂದರೆ ಇದು ಆಸ್ಪತ್ರೆ, ಒಳಗಿರುವವರು ರೋಗಿಗಳು ಎಂದು ಸರ್ಕಾರ ಒಪ್ಪಿಕೊಂಡಂತಾಯಿತು. ಸರ್ ಮಿರ್ಜಾ ಇಸ್ಮಾಯಿಲ್ ಅವರು ದಿವಾನರಾಗಿದ್ದ (1926–1941) ಅವಧಿಯಲ್ಲಿ, 1930ರ ದಶಕದಲ್ಲಿ, ಹೊಸೂರು ರಸ್ತೆಯ ವಿಶಾಲ ಜಾಗದಲ್ಲಿ ಹೊಸ ಕಟ್ಟಡಗಳು ಎದ್ದವು. ಡಾ. ಫ್ರಾಂಕ್ ನೊರೊನ್ಹಾ ಆಗ ಆಸ್ಪತ್ರೆಯ ಮೇಲ್ವಿಚಾರಕರಾಗಿದ್ದರು.

ಬೋರ್ಡು ಬದಲಾಗಿ ನೂರು ವರ್ಷ ಕಳೆದಿವೆ. ನಮ್ಮ ನಾಲಿಗೆ ಬದಲಾಗಿದೆಯೇ? ನನ್ನದು ಬದಲಾಗಿರಲಿಲ್ಲ ಎಂಬುದನ್ನು ಮೇಲೆ ಹೇಳಿದ್ದೇನೆ.

ವೈದ್ಯರು ಎಷ್ಟು ಮಂದಿ?

ಸ್ವಾತಂತ್ರ್ಯದ ಹೊಸ್ತಿಲಲ್ಲಿ, 1946ರಲ್ಲಿ ವರದಿ ನೀಡಿದ ಭೋರ್ ಸಮಿತಿಯು ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಇದ್ದದ್ದು ಸುಮಾರು 10,000 ಹಾಸಿಗೆಗಳು ಮಾತ್ರ ಎಂದು ಲೆಕ್ಕ ಹಾಕಿತು. ಅಂದರೆ ಸುಮಾರು 40,000 ಜನರಿಗೆ ಒಂದು ಹಾಸಿಗೆ. ತರಬೇತಿ ಪಡೆದವರಂತೂ ಇನ್ನೂ ವಿರಳ. ಈ ಕೊರತೆ ನೀಗಲು 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಅಲ್ಲಿ ವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ಮಾತ್ರವಲ್ಲ, ನರ್ಸುಗಳಿಗೂ ಮನೋವೈದ್ಯಕೀಯ ಶುಶ್ರೂಷೆಯ ಡಿಪ್ಲೊಮಾ ಶಿಕ್ಷಣವನ್ನು 1950ರ ದಶಕದಲ್ಲೇ ಆರಂಭಿಸಲಾಯಿತು. ಆಸ್ಪತ್ರೆ ಮತ್ತು ಸಂಸ್ಥೆ ಎರಡೂ ಒಂದಾಗಿ 1974ರಲ್ಲಿ ನಿಮ್ಹಾನ್ಸ್ ಹುಟ್ಟಿತು.

ಆದರೆ ಒಂದು ದೊಡ್ಡ ಆಸ್ಪತ್ರೆ ಎಷ್ಟು ಜನರಿಗೆ ತಾನೇ ಸಾಕಾದೀತು? ಈ ಪ್ರಶ್ನೆಯನ್ನು ಗಂಭೀರವಾಗಿ ಕೈಗೆತ್ತಿಕೊಂಡವರಲ್ಲಿ ಡಾ. ಆರ್.ಎಲ್. ಕಪೂರ್ ಪ್ರಮುಖರು. ಅವರು ಮೋರಿಸ್ ಕಾರ್‌ಸ್ಟೇರ್ಸ್ ಅವರೊಂದಿಗೆ ನಮ್ಮ ಕರಾವಳಿಯ ಕೋಟ ಎಂಬ ಊರಿನಲ್ಲಿ ಅಧ್ಯಯನ ನಡೆಸಿ 1976ರಲ್ಲಿ ಪುಸ್ತಕ ಪ್ರಕಟಿಸಿದರು. ಹಳ್ಳಿಯಲ್ಲೂ ಮಾನಸಿಕ ತೊಂದರೆಗಳು ಸಾಕಷ್ಟಿವೆ ಎಂಬುದು ಅಲ್ಲಿ ಕಂಡುಬಂತು. ಒಬ್ಬನೇ ರೋಗಿ ವೈದ್ಯರ ಬಳಿಗೂ ಹೋಗುತ್ತಿದ್ದ, ಮಂತ್ರವಾದಿಯ ಬಳಿಗೂ ಹೋಗುತ್ತಿದ್ದ. ಹಾಗಾದರೆ ಚಿಕಿತ್ಸೆಯೇ ಜನರ ಬಳಿಗೆ ಹೋಗಬೇಕಲ್ಲವೇ?

ನರ್ಸ್ ಮನೆಗೆ ಬಂದರು

1975ರಲ್ಲಿ ನಿಮ್ಹಾನ್ಸ್‌ನಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಆರಂಭವಾಯಿತು. ಬನ್ನೇರುಘಟ್ಟದ ಕಡೆಯ, ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವೊಂದು ತೆರೆಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೂ ಅಲ್ಲಿ ಅಲ್ಪಾವಧಿಯ ತರಬೇತಿ ಕೊಡಲಾಯಿತು. ಕಾರ್ಯಕರ್ತೆಯ ಕೆಲಸ ಸರಳವಾದದ್ದು. ಯಾರ ಮನೆಯಲ್ಲಿ ಇಂತಹ ತೊಂದರೆ ಇದೆ ಎಂದು ಗುರುತಿಸಬೇಕು, ವೈದ್ಯರ ಬಳಿಗೆ ಕಳುಹಿಸಬೇಕು, ಔಷಧಿ ತಪ್ಪದಂತೆ ಮತ್ತೆ ಮತ್ತೆ ಹೋಗಿ ವಿಚಾರಿಸಬೇಕು.

ಇದೇ ಕಾಲದ ಇನ್ನೊಂದು ಪ್ರಯೋಗವನ್ನು ನೀವು ವಿಶೇಷವಾಗಿ ಗಮನಿಸಬೇಕು. ಶೈಲಾ ಪೈ ಮತ್ತು ಡಾ. ಕಪೂರ್ ಅವರು ಬೆಂಗಳೂರಿನಲ್ಲಿ ಸ್ಕಿಜೋಫ್ರೇನಿಯಾ ರೋಗಿಗಳ ಎರಡು ಗುಂಪುಗಳನ್ನು ಹೋಲಿಸಿ ನೋಡಿದರು. ಒಂದು ಗುಂಪಿನವರನ್ನು ಆಸ್ಪತ್ರೆಗೆ ಸೇರಿಸಲಾಯಿತು. ಇನ್ನೊಂದು ಗುಂಪಿನವರನ್ನು ಮನೆಯಲ್ಲೇ ಇಟ್ಟು, ತರಬೇತಿ ಪಡೆದ ನರ್ಸ್ ಒಬ್ಬರು ಆಗಾಗ ಭೇಟಿ ನೀಡಿ ರೋಗಿಯನ್ನು ನೋಡುವ, ಮನೆಯವರಿಗೆ ಸಲಹೆ ಕೊಡುವ ವ್ಯವಸ್ಥೆ ಮಾಡಲಾಯಿತು. 6 ತಿಂಗಳ ನಂತರ ನೋಡಿದಾಗ ಮನೆಯಲ್ಲಿ ಆರೈಕೆ ಪಡೆದವರೇ ಹೆಚ್ಚು ಚೇತರಿಸಿಕೊಂಡಿದ್ದರು. ಕುಟುಂಬದ ಮೇಲಿನ ಹೊರೆ ಹೆಚ್ಚು ಇಳಿದಿತ್ತು, ಖರ್ಚೂ ಕಡಿಮೆಯಾಗಿತ್ತು. ಈ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಎಲ್ಲ ರೋಗಿಗಳಿಗೂ ಆಸ್ಪತ್ರೆ ಬೇಡವೆಂದು ಇದರ ಅರ್ಥವಲ್ಲ. ಆದರೆ ನರ್ಸ್ ಮತ್ತು ಕುಟುಂಬ ಕೈಜೋಡಿಸಿದರೆ ಎಷ್ಟು ಸಾಧ್ಯ ಎಂಬುದನ್ನು ನಮ್ಮ ಊರೇ ತೋರಿಸಿಕೊಟ್ಟಿತು.

ಬಳ್ಳಾರಿಯ ದಾರಿ

ಭಾರತ ಸರ್ಕಾರ 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಲು ಸಾಧ್ಯವೇ ಎಂದು ನೋಡಲು ನಿಮ್ಹಾನ್ಸ್ 1980ರ ದಶಕದ ಮಧ್ಯದಲ್ಲಿ ಬಳ್ಳಾರಿಯನ್ನು ಆರಿಸಿಕೊಂಡಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಿಬ್ಬಂದಿಗೆ ತರಬೇತಿ, ಅಗತ್ಯವಾದ ಕೆಲವೇ ಔಷಧಿಗಳ ನಿರಂತರ ಪೂರೈಕೆ, ಸರಳವಾದ ದಾಖಲೆ, ಮೇಲಿನಿಂದ ನಿಯಮಿತ ಪರಿಶೀಲನೆ — ಇಷ್ಟೇ ಅದರ ಬಂಡವಾಳ. ಮೂರ್ಛೆರೋಗದವರೂ ಇದರಿಂದ ಪ್ರಯೋಜನ ಪಡೆದರು. ಈ 'ಬಳ್ಳಾರಿ ಮಾದರಿ'ಯ ಆಧಾರದ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಕನ್ನಡ ನಾಡು ದೇಶಕ್ಕೆ ಕೊಟ್ಟ ಕಾಣಿಕೆಗಳಲ್ಲಿ ಇದೂ ಒಂದು. ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೊಂದು ಸಾಲಾದರೂ ಇರಬೇಕಿತ್ತು.

ನಿಮ್ಹಾನ್ಸ್‌ನ ಡಾ. ಸಿ.ಆರ್. ಚಂದ್ರಶೇಖರ್ ಅವರು ಈ ತಿಳಿವಳಿಕೆಯನ್ನು ಸರಳ ಕನ್ನಡದ ಪುಸ್ತಕಗಳ ಮೂಲಕ ಸಾಮಾನ್ಯ ಜನರಿಗೆ ತಲುಪಿಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಘೋಷಣೆಯಾಯಿತು.

ದವಾ ಮತ್ತು ದುವಾ

ಇಲ್ಲಿ ಒಂದು ಕಹಿ ಘಟನೆಯನ್ನೂ ಹೇಳಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುವ ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಶೆಡ್ಡೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಿಂದ ಕಟ್ಟಿಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಅವರನ್ನು ಅಲ್ಲಿಗೆ ಕರೆತಂದವರು ಕ್ರೂರಿಗಳಲ್ಲ, ಬೇರೆ ದಾರಿ ಕಾಣದ ತಂದೆತಾಯಿಗಳು. ಆದರೂ ಸರಪಳಿ ಸರಪಳಿಯೇ.

ನಮ್ಮದೇ ಇತಿಹಾಸ ಬೇರೆ ಪಾಠ ಹೇಳುತ್ತದೆ. ಡಮಾಸ್ಕಸ್‌ನಲ್ಲಿ 1154ರಲ್ಲಿ, ಕೈರೋದಲ್ಲಿ 1284ರಲ್ಲಿ ಕಟ್ಟಿದ ಬೀಮಾರಿಸ್ತಾನ್‌ಗಳು ಎಲ್ಲ ಬಗೆಯ ರೋಗಿಗಳ ಆಸ್ಪತ್ರೆಗಳಾಗಿದ್ದವು. ಅಲೆಪ್ಪೊ ನಗರದಲ್ಲಿ 1354ರ ಅರ್ಗೂನ್ ಬೀಮಾರಿಸ್ತಾನ್ ಮಾನಸಿಕ ರೋಗಿಗಳ ಆರೈಕೆಗೆ ಹೆಸರಾಗಿತ್ತು. ಅದರ ಅಂಗಳಗಳಲ್ಲಿ ಕಾರಂಜಿಗಳಿದ್ದವು. ಇನ್ನೂ ಹಿಂದೆ, 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ದೇಹದ ಆರೋಗ್ಯ ಮತ್ತು ಮನಸ್ಸಿನ ಆರೋಗ್ಯ ಎರಡನ್ನೂ ಒಂದೇ ಗ್ರಂಥದಲ್ಲಿ ಚರ್ಚಿಸಿದ್ದರು. ಗುಜರಾತಿನ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ 2008ರ ಸುಮಾರಿಗೆ 'ದವಾ-ದುವಾ' ಯೋಜನೆ ಆರಂಭವಾಯಿತು. ಪ್ರಾರ್ಥನೆಗೆ ಬಂದವರನ್ನು ಅಲ್ಲಿನ ಮುಜಾವರರೇ ವೈದ್ಯರ ಬಳಿಗೂ ಕಳುಹಿಸುತ್ತಾರೆ. ದುವಾ ಮಾಡುವ ಕೈ ದವಾ ಕೊಡುವ ಕೈಯನ್ನು ತಡೆಯಬೇಕಾಗಿಲ್ಲ.

ಇಂದು ನಮ್ಮ ಮುಂದಿರುವುದು

ಅಮೆರಿಕದಲ್ಲಿ 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 'ನರ್ಸ್ ಪ್ರಾಕ್ಟಿಷನರ್' ಶಿಕ್ಷಣ ಆರಂಭವಾಯಿತು. ಅಲ್ಲಿ ಇಂತಹ ನರ್ಸುಗಳು ಪ್ರಾಥಮಿಕ ಚಿಕಿತ್ಸಾಲಯಗಳಲ್ಲಿ ಖಿನ್ನತೆ, ಆತಂಕಗಳಿಗೂ ಚಿಕಿತ್ಸೆ ಕೊಡುತ್ತಾರೆ. ನಮ್ಮಲ್ಲಿ ವ್ಯವಸ್ಥೆ ಬೇರೆ. ಆದರೆ 2018ರಿಂದ ಆರೋಗ್ಯ ಉಪಕೇಂದ್ರಗಳಿಗೆ ನೇಮಕವಾಗುತ್ತಿರುವ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹಳಷ್ಟು ಮಂದಿ ನರ್ಸಿಂಗ್ ಓದಿದವರು. ಮಾನಸಿಕ ಆರೋಗ್ಯವೂ ಅವರ ಸೇವೆಗಳ ಪಟ್ಟಿಯಲ್ಲಿದೆ. ಕರ್ನಾಟಕದ 'ಮನೋಚೈತನ್ಯ' ಕಾರ್ಯಕ್ರಮ 2014ರಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಚಿಕಿತ್ಸೆಯನ್ನು ತಾಲ್ಲೂಕು ಆಸ್ಪತ್ರೆಗಳಿಗೆ ತಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯನ್ನು ಹಕ್ಕೆಂದು ಸಾರಿತು, ಸರಪಳಿ ಹಾಕುವುದನ್ನು ನಿಷೇಧಿಸಿತು. 2022ರಲ್ಲಿ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಬಂತು.

ಆದರೂ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇಕಡ 10.6 ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಕಾಯಿಲೆಗೆ ಅನುಗುಣವಾಗಿ ಅವರಲ್ಲಿ ಶೇಕಡ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಇದಕ್ಕೆ ವೈದ್ಯರ ಕೊರತೆಯೂ ಕಾರಣ, ಔಷಧಿಯ ಕೊರತೆಯೂ ಕಾರಣ. ಆದರೆ ನಿಮ್ಹಾನ್ಸ್‌ನ ನೆರೆಯಲ್ಲೇ ಇರುವ ನಮಗೆ? ಬಿ.ಟಿ.ಎಂ. ಲೇಔಟ್‌ನಲ್ಲಿ ಸಲಹೆ, ಸಮಾಲೋಚನೆಗಾಗಿಯೇ ನಿಮ್ಹಾನ್ಸ್‌ನ ಕ್ಷೇಮ ಕೇಂದ್ರ ಇರುವಾಗ ನಮ್ಮನ್ನು ತಡೆಯುತ್ತಿರುವುದು ಏನು? "ಹೆಣ್ಣು ಮಕ್ಕಳ ಮದುವೆಗೆ ತೊಂದರೆಯಾಗುತ್ತದೆ" ಎಂಬ ಭಯ, "ಜನ ಏನೆಂದಾರು" ಎಂಬ ಚಿಂತೆ.

ಆದ್ದರಿಂದ ವಿದ್ಯಾರ್ಥಿಗಳೇ, ನಿಮ್ಮಲ್ಲೊಂದು ವಿನಂತಿ. ನಿದ್ದೆ, ಊಟ, ಓದು ಕೆಟ್ಟು ಎರಡು ವಾರ ಕಳೆದರೆ ಯಾರಾದರೊಬ್ಬ ಹಿರಿಯರಿಗೆ ಹೇಳಿ. ಶಿಕ್ಷಕ ಬಂಧುಗಳೇ, ಮಗು ಪದೇ ಪದೇ ಗೈರಾದರೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ ಸುಮ್ಮನಾಗಬೇಡಿ, ಮನೆಯಲ್ಲಿ ಹೇಗಿದ್ದಾರೆ ಎಂದು ವಿಚಾರಿಸಿ. ಸಂಘದ ಸದಸ್ಯರೇ, ನಾವು ನಡೆಸುವ ಆರೋಗ್ಯ ಶಿಬಿರಗಳಲ್ಲಿ ಸಕ್ಕರೆ, ರಕ್ತದೊತ್ತಡಗಳ ಪಕ್ಕದಲ್ಲಿ ಮನಸ್ಸಿಗೂ ಒಂದು ಮೇಜು ಇರಲಿ. ಅಲ್ಲಿ ತಿಳಿದ ನರ್ಸ್ ಒಬ್ಬರು ಕುಳಿತಿರಲಿ. ನರ್ಸಿಂಗ್ ಓದಬಯಸುವ ನಮ್ಮ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಸಿಗಲಿ.

ಆ ಹುಡುಗಿಯ ಬಳಿ ನಾನು ಕ್ಷಮೆ ಕೇಳಿದೆ. ಅವಳು ತಲೆತಗ್ಗಿಸಿ, "ಪರವಾಗಿಲ್ಲ, ಎಲ್ಲರೂ ಹಾಗೇ ಅಂತಾರೆ" ಎಂದಳು. ಎಲ್ಲರೂ ಎಂದರೆ ಅದರಲ್ಲಿ ನಾನೂ ಇದ್ದೆ. ಇದನ್ನು ಓದಿದ ಮೇಲೆ ಆ 'ಎಲ್ಲರ' ಸಂಖ್ಯೆ ಒಂದಿಷ್ಟಾದರೂ ಕಡಿಮೆಯಾದರೆ ಈ ಬರಹ ಸಾರ್ಥಕ.