ಹಲ್ಲು ‘ಜುಮ್’ ಅನ್ನೋದರ ಚರಿತ್ರೆ: ನಂಜನಗೂಡು ಹಲ್ಲುಪುಡಿಯಿಂದ ನ್ಯಾನೊ ಕಣದವರೆಗೆ

ಇವತ್ತಿನ ಸಂಚಿಕೆಯ ವಿಷಯ ಹಲ್ಲು. ಸರಿಯಾಗಿ ಹೇಳಬೇಕು ಅಂದ್ರೆ, ಹಲ್ಲು ‘ಜುಮ್’ ಅನ್ನೋದು. ಐಸ್‌ಕ್ರೀಮ್ ಬಾಯಿಗಿಟ್ಟಾಗ, ಹುಣಸೆಹಣ್ಣಿನ ಗೊಜ್ಜು ತಿಂದಾಗ, ಚಾಮುಂಡಿ ಬೆಟ್ಟದ ಮೇಲೆ ಡಿಸೆಂಬರ್ ಬೆಳಗ್ಗೆ ಬಾಯಿ ತೆರೆದು ಗಾಳಿ ಎಳೆದುಕೊಂಡಾಗ ಮಿಂಚಿ ಹೋಗುವ ಆ ನೋವು. ನಮ್ಮಲ್ಲಿ ಬಹಳ ಜನ ಇದನ್ನ ಕಾಯಿಲೆ ಅಂತಾನೇ ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ. ವಯಸ್ಸಾಯ್ತು ಅಂದುಕೊಂಡು ತಣ್ಣಗಿರೋದನ್ನ ಬಿಡ್ತಾರೆ, ಒಂದು ಕಡೆ ಅಗಿಯೋದನ್ನ ಬಿಡ್ತಾರೆ, ಸುಮ್ಮನಾಗ್ತಾರೆ.

2025ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಒಂದು ಸುದ್ದಿ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಅಯಸ್ಕಾಂತದ ಬಲದಿಂದ ಹಲ್ಲಿನ ಒಳಕ್ಕೆ ಕಳಿಸಿ, ಈ ಜುಮ್ ಅನ್ನೋದನ್ನ ನಿಲ್ಲಿಸಬಹುದು ಅಂತ. ಕೇಳಿದರೆ ದಿಢೀರನೆ ಆದ ಪವಾಡದ ಹಾಗಿದೆ. ಆದರೆ ಅದರ ಹಿಂದೆ ಸುಮಾರು 350 ವರ್ಷದ ಕಥೆ ಇದೆ. ಇಷ್ಟು ಕಾಲ ನಾವು ಹಲ್ಲಿನ ಮೇಲ್ಮೈಯನ್ನ ಉಪಚರಿಸುತ್ತಾ ಬಂದೆವು, ನೋವಿನ ದಾರಿ ಇದ್ದದ್ದು ಒಳಗೆ. ಆ ಕಥೆಯನ್ನ ನಮ್ಮ ಮೈಸೂರಿನ ಹತ್ತಿರದಿಂದಲೇ ಶುರು ಮಾಡೋಣ.

ಮೈಸೂರಿನಿಂದ ಇಪ್ಪತ್ತೈದು ಕಿಲೋಮೀಟರ್ ದೂರದೊಳಗೆ, ಕಪಿಲಾ ನದಿ ದಂಡೆಯಲ್ಲಿ ನಂಜನಗೂಡು. ಅಲ್ಲಿ 1913ರಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಸ್ಥಾಪಿಸಿದರು. ಅದರ ಹಲ್ಲುಪುಡಿ ‘ನಂಜನಗೂಡು ಹಲ್ಲುಪುಡಿ’ ಅಂತಲೇ ರಾಜ್ಯದ ಮೂಲೆ ಮೂಲೆಯ ಬಚ್ಚಲುಮನೆಗೆ ತಲುಪಿತು. ನಂಜನಗೂಡಿಗೆ ರಸಬಾಳೆ ಎಷ್ಟು ಹೆಸರು ತಂದಿತೋ ಈ ಪುಡಿಯೂ ಅಷ್ಟೇ ತಂದಿತು ಅನ್ನಬಹುದು. ಅದರ ಮುಖ್ಯ ವಸ್ತು ಸುಟ್ಟ ಭತ್ತದ ಹೊಟ್ಟು. ಅದಕ್ಕೂ ಮುಂಚೆ ಮನೆಗಳಲ್ಲಿ ಜನ ಇದ್ದಿಲು, ಹೊಟ್ಟಿನ ಬೂದಿ, ಬೇವಿನ ಕಡ್ಡಿ ಹಿಡಿದೇ ಹಲ್ಲುಜ್ಜುತ್ತಿದ್ದರು.

ಭತ್ತದ ಹೊಟ್ಟನ್ನೇ ಯಾಕೆ ಸುಡಬೇಕು? ಭತ್ತದ ಗಿಡ ಮಣ್ಣಿನಿಂದ ಸಿಲಿಕಾ ಹೀರಿಕೊಂಡು ಹೊಟ್ಟಿನಲ್ಲಿ ತುಂಬಿಡುತ್ತೆ. ಮರಳು, ಗಾಜು ಎಲ್ಲದರಲ್ಲೂ ಇರೋದು ಇದೇ ಸಿಲಿಕಾ. ಹೊಟ್ಟು ಪೂರ್ತಿ ಸುಟ್ಟರೆ ಉಳಿಯುವ ಬೂದಿಯಲ್ಲಿ ಹೆಚ್ಚಿನ ಪಾಲು ಅದೇ. ಹಲ್ಲಿನ ಮೇಲಿನ ಕೊಳೆ ತಿಕ್ಕಿ ತೆಗೆಯೋಕೆ ಅದು ಚೆನ್ನಾಗಿ ಆಗುತ್ತೆ. ಇವತ್ತಿನ ಟೂತ್‌ಪೇಸ್ಟ್‌ಗಳಲ್ಲಿ ಉಜ್ಜುವ ಕೆಲಸಕ್ಕೆ ಹಾಕೋದೂ ಸಿಲಿಕಾವನ್ನೇ, ನಯವಾಗಿ ತಯಾರಿಸಿ. ಪುಡಿಯಾಗಲಿ, ಪೇಸ್ಟಾಗಲಿ, ಇವುಗಳ ಕೆಲಸ ಹಲ್ಲಿನ ಮೇಲ್ಮೈಯದು. ಒರಟು ಇದ್ದಿಲನ್ನೋ ಇಟ್ಟಿಗೆ ಪುಡಿಯನ್ನೋ ಹಾಕಿ ವರ್ಷಗಟ್ಟಲೆ ಬಲವಾಗಿ ಉಜ್ಜಿದರೆ ಮೇಲ್ಮೈಯೇ ಸವೆಯುತ್ತೆ. ಅಡಿಕೆ ಅಗಿಯುವವರಲ್ಲೂ ಹಲ್ಲು ಹೀಗೆ ಸವೆಯುತ್ತೆ, ವೀಳ್ಯದೆಲೆಗೆ ಹೆಸರಾದ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ವಸಡು ಕೆಳಕ್ಕೆ ಸರಿದರೆ ಬೇರಿನ ಭಾಗ ಬಯಲಾಗುತ್ತೆ. ಹುಳಿ ಪಾನೀಯಗಳು ಹಲ್ಲಿನ ಕವಚವನ್ನ ಕರಗಿಸುತ್ತವೆ. ಇವೆಲ್ಲಾ ಬೇರೆ ಬೇರೆ ದಾರಿ, ಹೋಗಿ ಸೇರೋದು ಮಾತ್ರ ಒಂದೇ ಕಡೆ.

ಆ ಕಡೆ ಯಾವುದು? ಹಲ್ಲಿನ ಹೊರಗಡೆ ಎನಾಮಲ್ ಅನ್ನುವ ಗಟ್ಟಿ ಕವಚ. ಅದರ ಒಳಗೆ ಡೆಂಟಿನ್, ಇನ್ನೂ ಒಳಗೆ ನರ, ರಕ್ತನಾಳ ಇರುವ ತಿರುಳು. ಡೆಂಟಿನ್ ನೋಡೋಕೆ ಗಟ್ಟಿ, ಆದರೆ ಅದರ ತುಂಬಾ ತೂತು. ಇದನ್ನ 1678ರಲ್ಲೇ ಪ್ರಕಟಿಸಿದವನು ಹಾಲೆಂಡಿನ ಲೇವನ್‌ಹುಕ್, ತಾನೇ ಮಾಡಿಕೊಂಡ ಸೂಕ್ಷ್ಮದರ್ಶಕದಲ್ಲಿ ಹಲ್ಲನ್ನ ನೋಡಿ. ಹಲ್ಲು ಸಣ್ಣ ಸಣ್ಣ ಕೊಳವೆಗಳಿಂದ ಆಗಿದೆ ಅಂತ ಅವನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಈಗ ಅಳತೆಯೂ ಗೊತ್ತು. ಒಂದು ಚದರ ಮಿಲಿಮೀಟರ್ ಜಾಗದಲ್ಲಿ ಇಂಥ ಹತ್ತಾರು ಸಾವಿರ ಕೊಳವೆಗಳಿರುತ್ತವೆ. ಒಂದೊಂದರ ಅಗಲ ಸುಮಾರು ಒಂದರಿಂದ ಎರಡು ಮೈಕ್ರಾನ್, ಅಂದ್ರೆ ನಮ್ಮ ತಲೆಗೂದಲಿನ ಹತ್ತಾರು ಪಾಲಿನಲ್ಲಿ ಒಂದು ಪಾಲು.

ಕೊಳವೆ ಇದೆ, ಸರಿ. ಆದರೆ ತಣ್ಣೀರು ತಾಗಿದರೆ ನೋವು ಯಾಕೆ? ಕೊಳವೆಯ ಉದ್ದಕ್ಕೂ ನರ ಬಂದಿರಬೇಕು ಅಂತ ಬಹಳ ಕಾಲ ನಂಬಿದ್ದರು. ಹುಡುಕಿದರೆ ನರ ಒಳತುದಿಯಲ್ಲಿ ಸ್ವಲ್ಪ ದೂರ ಮಾತ್ರ ಸಿಕ್ಕಿತು, ಹೊರತುದಿಯಲ್ಲಿ ಇರಲೇ ಇಲ್ಲ. 1900ರಲ್ಲಿ ಆಲ್ಫ್ರೆಡ್ ಗೀಸಿ ಅನ್ನುವ ಸ್ವಿಸ್ ದಂತವೈದ್ಯ, ಕೊಳವೆಯೊಳಗಿನ ದ್ರವದ ಚಲನೆಯೇ ನೋವಿಗೆ ಕಾರಣ ಅಂತ ಸೂಚಿಸಿದ. 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಸಾಲು ಸಾಲು ಪ್ರಯೋಗ ಮಾಡಿ ಅದಕ್ಕೆ ಬಲ ಕೊಟ್ಟ. ತಣ್ಣಗಿನ ನೀರು, ಬೀಸುವ ಗಾಳಿ, ಸಿಹಿ ಪದಾರ್ಥ, ಮೂರೂ ಕೊಳವೆಯೊಳಗಿನ ದ್ರವವನ್ನ ಹೊರಕ್ಕೆ ಎಳೆಯುತ್ತವೆ. ಎಳನೀರಿಗೆ ಸ್ಟ್ರಾ ಹಾಕಿ ಮೇಲಿಂದ ಹೀರಿದರೆ ಕೆಳಗಿನ ನೀರು ಅಲುಗಾಡುತ್ತಲ್ಲ, ಹಾಗೆ. ಆ ಅಲುಗಾಟ ಒಳತುದಿಯ ನರಕ್ಕೆ ತಟ್ಟುತ್ತೆ. ಅದೇ ಜುಮ್.

ಈ ವಿಷಯ ತಿಳಿದ ಮೇಲೆ ಚಿಕಿತ್ಸೆಗೆ ಎರಡೇ ದಾರಿ ಉಳಿಯಿತು. ನರವನ್ನ ಮಂಕು ಮಾಡೋದು ಒಂದು, ಕೊಳವೆಯನ್ನ ಮುಚ್ಚೋದು ಇನ್ನೊಂದು. 1961ರಲ್ಲಿ ಸೆನ್ಸೊಡೈನ್ ಸ್ಟ್ರಾನ್ಷಿಯಂ ಕ್ಲೋರೈಡ್ ಹಾಕಿಕೊಂಡು ಮಾರುಕಟ್ಟೆಗೆ ಬಂತು. 1974ರಲ್ಲಿ ಅಮೆರಿಕದ ಮಿಲ್ಟನ್ ಹೋಡೋಶ್ ಪೊಟ್ಯಾಸಿಯಂ ನೈಟ್ರೇಟಿನ ಗುಣವನ್ನ ವರದಿ ಮಾಡಿದ. ಪೊಟ್ಯಾಸಿಯಂ ನರವನ್ನ ಶಾಂತ ಮಾಡುತ್ತೆ, ಆದರೆ ಪರಿಣಾಮ ಕಾಣೋಕೆ ವಾರಗಳು ಬೇಕು, ದಿನಾ ಹಚ್ಚುತ್ತಲೇ ಇರಬೇಕು.

ಸಣ್ಣ ಕಣಗಳ ಪ್ರವೇಶ ಆಗೋದು ಎರಡನೇ ದಾರಿಯಲ್ಲಿ. ಎನಾಮಲ್ಲಿನ ಬಹುಪಾಲು ಹೈಡ್ರಾಕ್ಸಿಅಪಟೈಟ್ ಅನ್ನುವ ಖನಿಜ. ಅದನ್ನೇ ಪುಡಿ ಮಾಡಿ ಹಲ್ಲಿಗೆ ವಾಪಸ್ ಕೊಟ್ಟರೆ ಹೇಗೆ? 1980ರಲ್ಲಿ ಜಪಾನಿನ ಸಾಂಗಿ ಕಂಪನಿ ಇಂಥ ಟೂತ್‌ಪೇಸ್ಟ್ ತಂದಿತು. 1993ರಲ್ಲಿ ಜಪಾನ್ ಸರ್ಕಾರ ಅದನ್ನ ಹುಳುಕು ತಡೆಯುವ ವಸ್ತು ಅಂತ ಒಪ್ಪಿಕೊಂಡಿತು. ಮುಂದೆ ಕಣದ ಗಾತ್ರ ನ್ಯಾನೊಮೀಟರಿಗೆ ಇಳಿಯಿತು. ಅತ್ತ ಅಮೆರಿಕದಲ್ಲಿ 1969ರಲ್ಲಿ ಲ್ಯಾರಿ ಹೆಂಚ್ ಮೂಳೆಗೆ ಅಂಟಿಕೊಳ್ಳುವ ಬಯೋಗ್ಲಾಸ್ ಅನ್ನುವ ಗಾಜು ತಯಾರಿಸಿದ್ದ, ವಿಯೆಟ್ನಾಂ ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು. ಅದರ ಪುಡಿಯೂ ಕೊನೆಗೆ ಟೂತ್‌ಪೇಸ್ಟಿಗೆ ಬಂತು. ಇವುಗಳಿಂದ ಅನುಕೂಲ ಆಗಿದೆ, ಸಂಶಯ ಇಲ್ಲ. ಆದರೆ ಮುಚ್ಚಳ ಬೀಳೋದು ಹೆಚ್ಚಾಗಿ ಕೊಳವೆಯ ಬಾಯಿಯ ಹತ್ತಿರ. ಹುಳಿ ತಿಂದರೆ, ಜೋರಾಗಿ ಉಜ್ಜಿದರೆ ಅದು ಮತ್ತೆ ಎದ್ದುಹೋಗಬಹುದು. ಹಾಗಾದರೆ ಒಳಗೆ ಹೋಗಿ ಮುಚ್ಚೋದು ಹೇಗೆ?

ಈಗ ಮತ್ತೆ ನಮ್ಮ ಕಡೆಗೆ ಬರೋಣ. ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರುವಾಗೋಕೆ ಆರು ವರ್ಷ ಮುಂಚೆ, 1907ರಲ್ಲಿ, ಮೈಸೂರು ಸರ್ಕಾರ ಜಮ್‌ಷೆಡ್‌ಜಿ ಟಾಟಾ ಕನಸಿನ ವಿಜ್ಞಾನ ಸಂಸ್ಥೆಗೆ ಬೆಂಗಳೂರಿನಲ್ಲಿ 371 ಎಕರೆ ಜಾಗ ಕೊಟ್ಟಿತ್ತು. 1911ರಲ್ಲಿ ಅಲ್ಲಿ ಅಡಿಗಲ್ಲು ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಶತಮಾನ ಕಳೆದ ಮೇಲೆ ಅದೇ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರದ ಅಂಬರೀಶ್ ಘೋಷ್ ಅವರ ತಂಡ ಈ ಪ್ರಶ್ನೆಯನ್ನ ಕೈಗೆತ್ತಿಕೊಂಡಿತು. ಘೋಷ್ ಅವರು 2009ರಲ್ಲಿ, ಹಾರ್ವರ್ಡ್‌ನಲ್ಲಿದ್ದಾಗ, ಪೀರ್ ಫಿಷರ್ ಜೊತೆ ಗಾಜಿನ ಅತಿ ಸಣ್ಣ ಸುರುಳಿಗಳನ್ನು ಮಾಡಿದ್ದರು. ಅಯಸ್ಕಾಂತ ಕ್ಷೇತ್ರವನ್ನ ತಿರುಗಿಸಿದರೆ ಅವು ಸ್ಕ್ರೂ ಹಾಗೆ ತಿರುಗುತ್ತಾ ದ್ರವದಲ್ಲಿ ಮುಂದೆ ಹೋಗುತ್ತವೆ.

2022ರಲ್ಲಿ ಆ ಬಗೆಯ ಸುರುಳಿಗಳೇ ಹಲ್ಲಿನೊಳಗೆ ಹೋದವು. ಸಿಲಿಕಾದಿಂದ ಮಾಡಿ ಕಬ್ಬಿಣದ ಲೇಪ ಕೊಟ್ಟ ಸುರುಳಿಗಳು. ಕಿತ್ತು ತೆಗೆದ ಹಲ್ಲಿನ ಕೊಳವೆಗಳಲ್ಲಿ ಅವು 2,000 ಮೈಕ್ರಾನ್, ಅಂದ್ರೆ ಎರಡು ಮಿಲಿಮೀಟರ್ ಆಳಕ್ಕೆ ಇಳಿದವು. ರೂಟ್ ಕೆನಾಲ್ ಮಾಡಿದ ಮೇಲೂ ಅವಿತುಕೊಂಡಿರುವ ಬ್ಯಾಕ್ಟೀರಿಯಾವನ್ನ ಶಾಖದಿಂದ ಕೊಲ್ಲೋದು ಅವುಗಳ ಉದ್ದೇಶ. ಭತ್ತದ ಹೊಟ್ಟಿನಲ್ಲಿದ್ದು ಹಲ್ಲಿನ ಹೊರಗೆ ತಿಕ್ಕುತ್ತಿದ್ದ ಸಿಲಿಕಾ, ಇನ್ನೊಂದು ರೂಪದಲ್ಲಿ ಹಲ್ಲಿನ ಒಳಕ್ಕೆ ಹೋಗಿತ್ತು. ಇದು ಕಾಕತಾಳೀಯ, ಯಾರೂ ಯೋಜನೆ ಹಾಕಿ ಮಾಡಿದ್ದಲ್ಲ. ಆದರೂ ಚರಿತ್ರೆ ಓದುವವನಿಗೆ ಇಂಥದ್ದು ಕಣ್ಣಿಗೆ ಬೀಳದೆ ಇರೋದಿಲ್ಲ.

ಅದೇ ಕೆಲಸದ ಮುಂದುವರಿಕೆ 2025ರ ‘ಕ್ಯಾಲ್‌ಬಾಟ್’. ಸಂಸ್ಥೆಯಿಂದಲೇ ಹುಟ್ಟಿದ ಥೆರಾನಾಟಿಲಸ್ ಕಂಪನಿಯ ಶಣ್ಮುಖ್ ಪೆದ್ದಿ, ದೇಬಯನ್ ದಾಸ್‌ಗುಪ್ತ ಈ ಕೆಲಸದಲ್ಲಿದ್ದಾರೆ. ಒಂದು ಕಣದ ಗಾತ್ರ 400 ನ್ಯಾನೊಮೀಟರ್. ರೋಬಾಟ್ ಅನ್ನೋ ಹೆಸರು ಕೇಳಿ ಕೈಕಾಲು ಇರುವ ಯಂತ್ರ ಅಂದುಕೊಳ್ಳಬೇಡಿ. ಅಯಸ್ಕಾಂತದ ಮಾತು ಕೇಳುವ ಸಿಮೆಂಟಿನ ಪುಡಿ ಅಂದ್ರೆ ಹೆಚ್ಚು ಸರಿ. ಕ್ಷೇತ್ರದ ಬಲದಿಂದ ಅವು 300ರಿಂದ 500 ಮೈಕ್ರಾನ್ ಒಳಗೆ ಹೋಗಿ, ಒಂದಕ್ಕೊಂದು ಸೇರಿಕೊಂಡು ಬಿರಡೆಯ ಹಾಗೆ ಗಟ್ಟಿಯಾಗುತ್ತವೆ. ಕಿತ್ತ ಮಾನವ ಹಲ್ಲುಗಳ ಮೇಲೆ 20 ನಿಮಿಷ ಪ್ರಯೋಗ ಮಾಡಿದಾಗ ಕೊಳವೆಗಳು ಆಳದಲ್ಲಿ ಮುಚ್ಚಿಕೊಂಡವು. ಆಮೇಲೆ ಇಲಿಗಳು. ಹಲ್ಲು ಜುಮ್ ಅನ್ನುವ ಇಲಿಗಳು ತಣ್ಣೀರಿನ ಕಡೆ ಹೋಗುತ್ತಿರಲಿಲ್ಲ, ಚಿಕಿತ್ಸೆ ಆದ ಮೇಲೆ ಮತ್ತೆ ತಣ್ಣೀರು ಕುಡಿದವು. ಐಸ್‌ಕ್ರೀಮ್ ಬೇಡ ಅನ್ನೋ ನಮ್ಮ ಮನೆಯ ಹಿರಿಯರ ಹಾಗೇ ಇದ್ದವಲ್ಲ ಆ ಇಲಿಗಳೂ!

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಿತ್ತ ಹಲ್ಲು ಬೇರೆ, ದಿನಾ ಅಗಿಯುವ ಬಾಯಿ ಬೇರೆ. ಇಲಿಯ ಹಲ್ಲಿನಲ್ಲಿ ನಿಂತದ್ದು ಮನುಷ್ಯರ ಬಾಯಲ್ಲಿ ವರ್ಷಗಟ್ಟಲೆ ನಿಲ್ಲಬೇಕು, ಸುರಕ್ಷಿತ ಅಂತ ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ಗೊತ್ತಾಗಬೇಕು. ಪ್ರಯೋಗಾಲಯದ ಸುದ್ದಿಯನ್ನ ಅಂಗಡಿಯ ಸರಕು ಅಂತ ನಂಬಿ ‘ನ್ಯಾನೊ’ ಅಂತ ಬರೆದಿರುವ ಡಬ್ಬಿಗೆಲ್ಲಾ ದುಡ್ಡು ಕೊಡೋ ಅಗತ್ಯ ಇಲ್ಲ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಜುಮ್ ಅನ್ನೋದು ಕೆಲವು ಸಲ ಹುಳುಕಿನ, ಬಿರುಕಿನ, ವಸಡಿನ ರೋಗದ ಮುನ್ಸೂಚನೆ. ಕಾರಣ ನೋಡದೆ ಕೊಳವೆ ಮುಚ್ಚಿದರೆ ನೋವು ಸುಮ್ಮನಾಗುತ್ತೆ, ರೋಗ ಸುಮ್ಮನಾಗೋದಿಲ್ಲ. ನಂಜನಗೂಡಿನ ಪುಡಿ ಗೆದ್ದದ್ದು ಅದು ಕಡಿಮೆ ಬೆಲೆಗೆ ಎಲ್ಲರ ಮನೆಗೂ ಹೋಯಿತು ಅಂತ. ಆ 371 ಎಕರೆ ಜಾಗವೂ ಈ ನಾಡಿನ ಜನರದ್ದೇ ಆಗಿತ್ತು. ಹಾಗಾಗಿ ಅಲ್ಲಿ ಹುಟ್ಟಿದ ಚಿಕಿತ್ಸೆ ಮುಂದೊಂದು ದಿನ ಎಚ್.ಡಿ. ಕೋಟೆಯ ತಾಲ್ಲೂಕು ಆಸ್ಪತ್ರೆಗೂ ಬರುತ್ತಾ ಅಂತ ಕೇಳೋ ಹಕ್ಕು ನಮಗಿದೆ. ಅಲ್ಲಿವರೆಗೆ ಮೆತ್ತನೆಯ ಬ್ರಶ್, ಹಗುರವಾದ ಕೈ. ಹಲ್ಲು ಪದೇ ಪದೇ ಜುಮ್ ಅಂದರೆ ವಯಸ್ಸಿನ ಮೇಲೆ ಹಾಕಬೇಡಿ, ಒಮ್ಮೆ ದಂತವೈದ್ಯರಿಗೆ ತೋರಿಸಿ.