ದೀಪಕ್ಕಿಂತ ಲೆಕ್ಕ

ತಳಕಿನಿಂದ ನರ್ಸಿಂಗ್ ಓದಲು ಹೊರಟ ಹುಡುಗಿಗೆ ಹಿರಿಯರು ಹೇಳುವ ಮಾತು ಸೇವೆ ಮತ್ತು ತಾಳ್ಮೆ. ನಾಳೆ ವಾರ್ಡಿನ ಹೊಣೆ ಹೊರುವವಳಿಗೆ ಅಷ್ಟು ಸಾಕೆ? ದೀಪ ಹಿಡಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರವನ್ನು ನೀವು ನೋಡಿದ್ದೀರಿ. ಭೌತವಿಜ್ಞಾನದ ಮೇಷ್ಟರಾದ ನನಗೆ ಹಿಡಿಸುವುದು ಆಕೆಯ ಲೆಕ್ಕ.

1854ರ ನವೆಂಬರ್‌ನಲ್ಲಿ ಆಕೆ 38 ದಾದಿಯರೊಡನೆ ತುರ್ಕಿಯ ಸ್ಕುಟಾರಿ ಸೈನಿಕ ಆಸ್ಪತ್ರೆಗೆ ಬಂದರು. ಅಲ್ಲಿ ಗಾಯಕ್ಕಿಂತ ಕಾಲರಾ, ಟೈಫಸ್, ಆಮಶಂಕೆಗಳಿಂದ ಸತ್ತವರೇ ಹೆಚ್ಚು. ಆಕೆ ಬಂದ ಮೇಲೂ ಆ ಚಳಿಗಾಲದಲ್ಲಿ ಸಾವು ಏರಿತು! 1855ರ ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗವು ಕಟ್ಟಡದಡಿಯ ಚರಂಡಿ, ಗಾಳಿ, ನೀರುಗಳನ್ನು ಸರಿಪಡಿಸಿದ ಮೇಲೆ ಇಳಿಯಿತು.

ಲಂಡನ್ನಿಗೆ ಮರಳಿ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ನೆರವಿನಿಂದ ತಿಂಗಳುವಾರು ಸಾವಿನ ಲೆಕ್ಕ ಹಾಕಿದರು. ತಾವೇ ದುಡಿದ ಆಸ್ಪತ್ರೆಯ ಅಂಕಿಗಳು ಭೀಕರವಾಗಿದ್ದವು. ಮುಚ್ಚಿಡಬಹುದಿತ್ತು, 1858ರಲ್ಲಿ ಅಚ್ಚು ಹಾಕಿಸಿದರು. ವೃತ್ತವನ್ನು 12 ಸಮಕೋನಗಳಾಗಿ ಸೀಳಿ, ಆಯಾ ತಿಂಗಳ ಸಾವನ್ನು ತುಂಡಿನ ವಿಸ್ತೀರ್ಣದಿಂದ ತೋರಿಸಿದರು. ಸಾವು ನಾಲ್ಕು ಪಟ್ಟಾದರೆ ತ್ರಿಜ್ಯ ಎರಡೇ ಪಟ್ಟು. ನೀವೇ ಬರೆದು ನೋಡಿ.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶಾಲೆ ತೆರೆಯಿತು. ಅಲ್ಲಿ ಕಲಿತ ಲೂಸಿ ಆಸ್ಬರ್ನ್ 1868ರಲ್ಲಿ ಐವರು ದಾದಿಯರನ್ನು ಕರೆದುಕೊಂಡು ಸಿಡ್ನಿಯ ಆಸ್ಪತ್ರೆ ನಡೆಸಲು ಹೋದರು.

ನೈಟಿಂಗೇಲ್ ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿನ ದಂಡಿನ ಠಾಣೆಗಳಿಗೆ ಪ್ರಶ್ನಾವಳಿ ಕಳಿಸಿ ನೀರು, ಚರಂಡಿಗಳ ವಿವರ ತರಿಸಿಕೊಂಡರು. ಬೆಂಗಳೂರಿನ ಬಜಾರಿನ ಕೊಳಚೆ ಹಲಸೂರು ಕೆರೆ ಸೇರುತ್ತದೆ, ಜನ ಅದೇ ನೀರು ಕುಡಿಯುತ್ತಾರೆ ಎಂದು 1863ರಲ್ಲೇ ಬರೆದರು.