ಚಳಿಗಾಲದ ಬಿಡುವು: ತರಕಾರಿ ರೈತನ ಅಂದು ಇಂದು



ನಮ್ಮ ಸಂಘದ ಬೆಳ್ಳಿ ಹಬ್ಬದ ಸಂಚಿಕೆಗೆ ಕೋಲಾರ ಸೀಮೆಯ ತರಕಾರಿ ಬೇಸಾಯದ ಬಗ್ಗೆ ನಾಲ್ಕು ಮಾತು ಬರೆಯುವ ಭಾಗ್ಯ ನಮ್ಮದಾಗಿದೆ. ಬೆಳೆ ತೆಗೆದ ಕಥೆ ಎಲ್ಲರಿಗೂ ಗೊತ್ತು. ಬೆಳೆ ಇಲ್ಲದ ದಿನಗಳಲ್ಲಿ ಸಣ್ಣ ರೈತ ಏನು ಮಾಡುತ್ತಿದ್ದ ಎಂಬುದನ್ನು ಬರೆದಿಟ್ಟವರು ಕಡಿಮೆ. ಆದ್ದರಿಂದ ನಾವು ಅದನ್ನೇ ಆರಿಸಿಕೊಂಡಿದ್ದೇವೆ.

ನಮ್ಮ ಕಡೆ ಟೊಮೆಟೊ ಮಂಡಿ ತುಂಬುವುದು ಬೇಸಿಗೆ ಮತ್ತು ಮಳೆಗಾಲದಲ್ಲಿ. ಮಾರ್ಗಶಿರ, ಪುಷ್ಯ ಬಂತೆಂದರೆ ಮಂಡಿಗೆ ಬರುವ ಮಾಲು ಇಳಿಯುತ್ತದೆ. ಚಳಿಗೆ ಬೀಜ ಬೇಗ ಮೊಳೆಯುವುದಿಲ್ಲ, ಗಿಡ ಮೇಲೇಳುವುದಿಲ್ಲ, ಮಂಜು ಹಿಡಿದರೆ ಅಂಗಮಾರಿ ರೋಗ. ಎರಡು ಮೂರು ಎಕರೆಯವರಿಗೆ ಇದು ಬಿಡುವಿನ ಕಾಲ. ಬಿಡುವು ತೋಟಕ್ಕೆ ಮಾತ್ರ, ರೈತನಿಗಲ್ಲ.

ನಮ್ಮ ಹಿರಿಯರ ಕಾಲದಲ್ಲಿ ಇದ್ದದ್ದು ಕಪಿಲೆ ಬಾವಿ, ಏತ. ಎತ್ತು ಎಳೆದಷ್ಟೇ ನೀರು. ಬಾವಿಯ ಮಗ್ಗುಲಿನ ಕೆಲವೇ ಗುಂಟೆಯಲ್ಲಿ ಬದನೆ, ಮೆಣಸಿನಕಾಯಿ, ಸೊಪ್ಪು. ಉಳಿದ ಹೊಲಕ್ಕೆಲ್ಲ ರಾಗಿ, ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಸಾಸಿವೆ. ಚಳಿಗಾಲದಲ್ಲಿ ರಾಗಿ ಕೊಯ್ದು ಮೆದೆ ಒಟ್ಟಿ, ಕಣ ಮಾಡಿ ಸಗಣಿ ಸಾರಿಸಿ, ಎತ್ತು ಕಟ್ಟಿ ಗುಂಡು ಹೊಡೆದು, ಗಾಳಿ ನೋಡಿ ತೂರಬೇಕು. ಅಷ್ಟರಲ್ಲಿ ಇಬ್ಬನಿ ಬಿದ್ದು ಅವರೆಗೆ ಸೊಗಡು ಬರುತ್ತಿತ್ತು. ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವ ಹೊತ್ತಿಗೆ ವರ್ಷದ ಹಿಟ್ಟಿನ ಚಿಂತೆ ತೀರುತ್ತಿತ್ತು. ತರಕಾರಿಗೆ ಬೆಲೆ ಬಿದ್ದರೂ ಹಗೇವಿನಲ್ಲಿ ರಾಗಿ ಇದ್ದವನು ಸಾಲಕ್ಕೆ ಹೋಗುತ್ತಿರಲಿಲ್ಲ.

ಕೆಲಸಕ್ಕೆ ಕೂಲಿಯ ಮಾತಿರಲಿಲ್ಲ, ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಕಣಕ್ಕೆ ನಾವು, ನಾಳೆ ನಮ್ಮ ಕಣಕ್ಕೆ ನೀವು. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರೆಂದು ಓದಿದ್ದೇವೆ. ಸಹಕಾರ ಎಂಬ ಹೆಸರು, ಕಾಯಿದೆ ಆಗ ಬಂದವು. ಅದರ ಗುಣ ಮಾತ್ರ ಮೊದಲಿಂದಲೂ ನಮ್ಮ ಕಣಗಳಲ್ಲಿತ್ತು.

ಕಣ ಮುಗಿದ ಮೇಲೆ ಭೂಮಿಯ ಸರದಿ. ಕುರಿಯವರನ್ನು ಕರೆದು ಹೊಲದಲ್ಲಿ ಮಂದೆ ನಿಲ್ಲಿಸಿ ರಾಗಿ ಕೊಡುತ್ತಿದ್ದರು. ಕೆರೆ ಬತ್ತಿದ ಮೇಲೆ ಗಾಡಿಯಲ್ಲಿ ಗೋಡು ಹೊಡೆಯುತ್ತಿದ್ದರು. ಮನೆಯ ಹೆಂಗಸರು ಸೋರೆ, ಹೀರೆ, ಬದನೆ ಬೀಜಗಳನ್ನು ಒಣಗಿಸಿ, ಬೂದಿ ಬೆರೆಸಿ, ಒಲೆಯ ಮೇಲೆ ಹೊಗೆ ತಾಗುವ ಜಾಗದಲ್ಲಿ ಕಟ್ಟುತ್ತಿದ್ದರು. ಮುಂದಿನ ಬೆಳೆಯ ಬಂಡವಾಳ ಅದೇ.

ಕರೆಂಟು, ಪಂಪ್‌ಸೆಟ್ಟು, ಆಮೇಲೆ ಕೊಳವೆಬಾವಿ ಬಂದವು. ನೀರು ಕೈಗೆ ಬಂದ ಮೇಲೆ ವರ್ಷವೆಲ್ಲ ಬೆಳೆ. ಅದರಿಂದ ಮಕ್ಕಳ ಓದು, ಹೆಂಚಿನ ಮನೆ, ಮದುವೆಗಳು ಆದವು, ಇಲ್ಲ ಅನ್ನೋ ಹಾಗಿಲ್ಲ. ಆದರೆ ನೀರು ಸಾವಿರ ಅಡಿ ದಾಟಿತು. ಬೋರಿನ ಸಾಲ ತೀರಿಸಲು ಹೊಲಕ್ಕೆ ಬಿಡುವೇ ಇಲ್ಲದಾಯಿತು. ಟೊಮೆಟೊ, ಬದನೆ, ಆಲೂಗೆಡ್ಡೆ, ಮೆಣಸಿನಕಾಯಿ ಎಲ್ಲ ಒಂದೇ ಕುಲದ ಗಿಡಗಳು. ಒಂದರ ಹಿಂದೆ ಒಂದು ಹಾಕಿದರೆ ಸೊರಗು ರೋಗ, ಬೇರುಗಂಟು ಹುಳು ಮಣ್ಣಿನಲ್ಲೇ ಬೀಡು ಬಿಡುತ್ತವೆ. ನಡುವೆ ಒಂದು ರಾಗಿ ಬೆಳೆ ಬಂದರೆ ರೋಗಕ್ಕೆ ಆಸರೆ ಕಡಿಮೆ. ಅವರೆಯ ಬೇರಿನ ಗಂಟು ಮಣ್ಣಿಗೆ ಸಾರಜನಕ ಸೇರಿಸುತ್ತದೆ. ಹಿರಿಯರಿಗೆ ಈ ಹೆಸರುಗಳು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆದರೆ ತುಂಬಿದ ಕೆರೆಯಲ್ಲಿ ಗೋಡು ತೆಗೆಯಲಾಗದು. ರಾಗಿ ಯಂತ್ರದಲ್ಲಿ ಕಟಾವಾಗುತ್ತದೆ, ಇಲ್ಲವೇ ಟಾರು ರಸ್ತೆಯೇ ಕಣ. ಈಗಿನ ಚಳಿಗಾಲದ ಕೆಲಸ ಬೇರೆ. ಟೊಮೆಟೊ ಕೋಲು ಕಿತ್ತು ಜೋಡಿಸುವುದು, ಡ್ರಿಪ್ ಪೈಪು ತೊಳೆದು ಸುತ್ತಿಡುವುದು, ಪ್ಲಾಸ್ಟಿಕ್ ಹೊದಿಕೆ ಆಯುವುದು, ನರ್ಸರಿಗೆ ಸಸಿ ಹೇಳಿ ಬರುವುದು, ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕುವುದು. ಎಷ್ಟೋ ಹುಡುಗರು ಈ ದಿನಗಳಲ್ಲಿ ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ.

ಹಳೇ ಕಾಲ ಹಾಗೇ ವಾಪಸು ಬರಲಿ ಅಂತ ನಾವು ಹೇಳುವುದಿಲ್ಲ. ಕಪಿಲೆ ಹೊಡೆದವರ ಬೆನ್ನು ನೋವು ನಮಗೂ ಗೊತ್ತು. ಆದರೆ ಬಿಡುವಿನ ಕಾಲದಲ್ಲಿ ಮಾಡಬೇಕಾದ ಮೂರು ಕೆಲಸ ಉಳಿಯಬೇಕು. ಒಂದು, ಇರುವ ಜಮೀನಿನಲ್ಲಿ ಒಂದು ತುಂಡಾದರೂ ಸರದಿಯ ಮೇಲೆ ರಾಗಿ, ಅವರೆಗೆ ಬಿಡುವುದು. ಎರಡು, ಹೊಲ ಖಾಲಿ ಇರುವಾಗಲೇ ಮಣ್ಣು ಪರೀಕ್ಷೆ ಮಾಡಿಸುವುದು. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಚೀಟಿ ಪೆಟ್ಟಿಗೆಯಲ್ಲಿ ಇಡಲಿಕ್ಕಲ್ಲ, ಅದನ್ನು ನೋಡಿ ಗೊಬ್ಬರ ಹಾಕಬೇಕು. ಮೂರು, ಯಾರು ಎಷ್ಟು ಸಸಿ ನೆಡುತ್ತೇವೆಂದು ಸಂಘದ ಜಗಲಿಯಲ್ಲಿ ಕೂತು ಮಾತಾಡುವುದು. ಎಲ್ಲರೂ ಒಂದೇ ವಾರ ಒಂದೇ ಬೆಳೆ ನೆಟ್ಟು ಒಂದೇ ವಾರ ಮಂಡಿಗೆ ಹೋದರೆ ಬೆಲೆ ಸಿಗುವುದಾದರೂ ಹೇಗೆ?

ಸಂಘ ಸಾಲ, ಗೊಬ್ಬರ ಕೊಡುವ ಅಂಗಡಿ ಮಾತ್ರ ಆಗಬಾರದು. ಮುಯ್ಯಾಳಿನ ಜಾಗದಲ್ಲಿ ನಿಲ್ಲಬೇಕಾದದ್ದು ಸಂಘವೇ. ಬರುವ ಚಳಿಗಾಲದ ಮಾಸಿಕ ಸಭೆಗೆ ಎಲ್ಲ ಸದಸ್ಯರೂ, ಮುಖ್ಯವಾಗಿ ಹೆಣ್ಣುಮಕ್ಕಳು, ಬಂದು ಈ ವಿಚಾರ ಚರ್ಚಿಸಬೇಕಾಗಿ ವಿನಂತಿಸುತ್ತೇವೆ.